ಬಿಗಿ ಮಾಡದೆ ಬಿಟ್ಟ ಬೋಲ್ಟು

ಮನೆ, ಹೊಲಿಗೆ ಮೆಷಿನ್ ಪಕ್ಕ
ಮಾರ್ಚ್ ೯, ಭಾನುವಾರ

ಪ್ರೀತಿಯ ಬುಗುರಿ,

ಹೇಗಿದ್ದೀಯ ಮಗಳೇ? ನಿದ್ದೆ ಸರಿಯಾಗಿ ಬರುತ್ತಿದೆಯೇ? ವ್ಯಾಯಾಮ ಮಾಡಿಸುವ ಆ ಸಿಡುಕು ಮೋರೆಯ ನರ್ಸಮ್ಮ ಈಗಲಾದರೂ ಒಮ್ಮೆ ನಕ್ಕರೇ? ಕಾಲು ಪೂರ್ತಿ ಸರಿಹೋಗಿದೆ, ಕೋಲು ಬಿಟ್ಟೆ, ಮುಂದಿನ ತಿಂಗಳು ಮನೆಗೆ ಬರುತ್ತೇನೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಆದರೂ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದೇ ಇಳಿ. ಯಾರೂ ನೋಡುತ್ತಿಲ್ಲ ಎಂದು ಎರಡೆರಡು ಮೆಟ್ಟಿಲು ಹಾರಬೇಡ, ನಿನ್ನನ್ನು ನಾನು ಬಲ್ಲೆ. ನಾನು ಆರಾಮಾಗಿದ್ದೇನೆ. ಕನ್ನಡಕದ ನಂಬರು ಬದಲಾಗಿರುವುದರಿಂದ ಸೂಜಿಗೆ ದಾರ ಪೋಣಿಸಲು ಅಪ್ಪನನ್ನು ಕರೆಯಬೇಕು. ಅವರೋ, ಪೋಣಿಸಿಕೊಟ್ಟ ಮೇಲೆ ಇಡೀ ಬೀದಿಗೆ ನೀರಿನ ಪೈಪು ಹಾಕಿಸಿದವರ ಹಾಗೆ ಸ್ವಲ್ಪ ಹೊತ್ತು ನಿಂತು ನೋಡುತ್ತಾರೆ. ಜಿಪ್ ಬದಲಿಸಲು ನೀನು ಕಳಿಸಿದ್ದ ಎರಡು ಪ್ಯಾಂಟುಗಳೂ ತಲುಪಿದವು. ಕೆಲಸ ಮುಗಿದಿದೆ, ಈ ಪತ್ರದ ಜೊತೆ ಅದೇ ಪಾರ್ಸಲಿನಲ್ಲಿ ಬರುತ್ತಿವೆ.

ಇನ್ನು ಆ ಫ್ರೇಮಿನ ವಿಷಯ. ‘ಸೈಕಲ್ ಹುಚ್ಚು ಬಿಟ್ಟುಹೋಯ್ತಮ್ಮ, ಗೋಡೆ ಮೇಲಿರೋ ಫ್ರೇಮ್ ಮಾರಿಬಿಡಿ’ ಎಂದು ಹೋದ ಸಲ ಒಂದೇ ಸಾಲು ಬರೆದಿದ್ದೆ. ಕಾರಣ ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ಬೀಳುವುದಕ್ಕೆ ಸ್ವಲ್ಪ ದಿನ ಮುಂಚೆ ನೀನು ಅದನ್ನು ಹೆಗಲ ಮೇಲೆ ಹೊತ್ತು ತಂದದ್ದು ನನಗೆ ಚೆನ್ನಾಗಿ ನೆನಪಿದೆ. ಯಾರೋ ಹಳೆಯ ರೇಸುಗಾರರ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಉಕ್ಕಿನ ಫ್ರೇಮು. ‘ಅಮ್ಮಾ, ಒಂದು ಬೆರಳಲ್ಲಿ ಎತ್ತಿ ನೋಡು’ ಎಂದಿದ್ದೆ. ಎತ್ತಿ ನೋಡಿದೆ, ನನ್ನ ಇಸ್ತ್ರಿಪೆಟ್ಟಿಗೆಗಿಂತ ಹಗುರವೇ ಇತ್ತೇನೋ. ಚಕ್ರವಿಲ್ಲ, ಬ್ರೇಕಿಲ್ಲ, ಸೀಟಿಲ್ಲ. ಬಿಸ್ಕತ್ ಡಬ್ಬಿಯಲ್ಲಿ ನೀನು ಒಂದೊಂದಾಗಿ ಕೂಡಿಟ್ಟ ಚೂರುಪಾರು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ನಿಧಾನವಾಗಿ ಕಟ್ಟುತ್ತೇನೆ ಎಂದಿದ್ದೆ. ಆಮೇಲೆ ಸೇತುವೆಯ ತಿರುವಿನಲ್ಲಿ ಆ ಹಳೆಯ ಸೈಕಲ್ಲಿನಿಂದ ಬಿದ್ದೆ, ಎಡ ತೊಡೆಯ ಮೂಳೆ ಮುರಿಯಿತು, ಆಸ್ಪತ್ರೆಯಾಯಿತು. ಅವತ್ತು ಅಪ್ಪ ‘ಇನ್ನು ಈ ಮನೇಲಿ ಸೈಕಲ್ ಅನ್ನೋ ಮಾತೇ ಬೇಡ’ ಎಂದು ಸಿಟ್ಟಿನಲ್ಲಿ ಹೇಳಿದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಹಾಗಾಗಿ ನಿನ್ನ ಸಾಲನ್ನು ಓದಿ ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ನೀನು ಹೇಳಿದಂತೆ ಸೈಕಲ್ ಅಂಗಡಿಯ ತಾತನಿಗೆ ವಿಷಯ ಮುಟ್ಟಿಸಿದೆವು. ಅವರು ಒಬ್ಬ ಗಿರಾಕಿಯನ್ನು ಕಳಿಸಿದರು. ಹೊಸದಾಗಿ ಕಾಫಿ ಅಂಗಡಿ ತೆರೆಯುವವನಂತೆ, ಒಳ್ಳೆಯ ಮಾತಿನ ಹುಡುಗ. ಫ್ರೇಮನ್ನು ಅತ್ತಿತ್ತ ತಿರುಗಿಸಿ ನೋಡಿ, ‘ಗೋಡೆಗೆ ಹಾಕ್ತೀವಿ ಅಂಕಲ್, ಮೇಲೊಂದು ಚಿಕ್ಕ ದೀಪ ಬಿಟ್ರೆ ಸಖತ್ತಾಗಿ ಕಾಣುತ್ತೆ’ ಎಂದ. ಅಪ್ಪನ ಮುಖ ನೋಡಬೇಕಿತ್ತು ನೀನು. ‘ಗೋಡೆ ನಮ್ಮನೇಲೂ ಇದೆ ಸ್ವಾಮಿ’ ಎಂದು ಕೈಮುಗಿದು ಕಳಿಸಿಬಿಟ್ಟರು. ಅವನು ಹೋದ ಮೇಲೂ ಸಂಜೆಯವರೆಗೆ ಗೊಣಗಾಟ ನಿಲ್ಲಲಿಲ್ಲ: ‘ಸೈಕಲ್ ಏನು ಸತ್ತ ಜಿಂಕೆ ತಲೆನಾ, ಮೊಳೆಗೆ ನೇತುಹಾಕೋಕೆ?’ ಅದೇ ಮೊಳೆಗೆ ಇಷ್ಟು ತಿಂಗಳಿಂದ ನಾವೂ ನೇತುಹಾಕಿದ್ದೆವಲ್ಲ ಎಂದು ನಾನು ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮೊಳೆ ಖಾಲಿ. ಫ್ರೇಮು ಹಿಂದಿನ ಕೋಣೆಯಲ್ಲಿ, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ‘ಮಾರೋದಾದ್ರೆ ಓಡೋ ಸೈಕಲ್ ಮಾಡಿ, ಓಡಿಸೋರಿಗೆ ಮಾರೋಣ’ ಎಂದರು. ನಾನು ಹೂಂ ಎಂದೆ.

ಈ ವರ್ಷ ಕೈ ಸ್ವಲ್ಪ ಬಿಗಿ ಇರುವುದರಿಂದ ಹೊಸದೇನನ್ನೂ ಕೊಳ್ಳಬಾರದು ಎಂದು ಮೊದಲೇ ಮಾತಾಗಿತ್ತು. ಜೀವಕ್ಕೆ ಸಂಬಂಧಪಟ್ಟದ್ದು ಎಂದು ಬ್ರೇಕಿನ ತಂತಿ ಮತ್ತು ರಬ್ಬರಿಗೆ ಮಾತ್ರ ವಿನಾಯಿತಿ ಕೊಟ್ಟೆವು. ಮಿಕ್ಕಿದ್ದೆಲ್ಲ ತಾತನ ಅಂಗಡಿಯ ಹಿಂದಿನ ರಾಶಿಯಿಂದ. ಅದರ ಬದಲಿಗೆ ಅಪ್ಪ ಅವರ ಅಂಗಡಿಯ ಕಟ್ಟಿಹೋದ ಮೋರಿ ಬಿಡಿಸಿ, ಸೋರುವ ತೊಟ್ಟಿಗೆ ಹೊಸ ಪೈಪು ಹಾಕಿಕೊಟ್ಟರು. ಲೆಕ್ಕ ಸರಿಹೋಯಿತು ಎಂದು ಇಬ್ಬರೂ ಹೇಳುತ್ತಾರೆ, ತಾವೇ ಹೆಚ್ಚು ಕೊಟ್ಟೆವು ಎಂದು ಇಬ್ಬರೂ ಒಳಗೊಳಗೇ ನಂಬಿದ್ದಾರೆ.

ಅಪ್ಪನ ಕೈ ಗೊತ್ತಲ್ಲ. ಅವರು ಒಂದು ನಲ್ಲಿ ಬಿಗಿ ಮಾಡಿ ಬಂದರೆ ಮುಂದೆ ಬಿಚ್ಚಲು ಅವರನ್ನೇ ಕರೆಯಬೇಕು. ಅದೇ ಅಪ್ಪನ ವ್ಯಾಪಾರದ ಗುಟ್ಟು ಎಂದು ನೀನು ಗೇಲಿ ಮಾಡುತ್ತಿದ್ದೆ. ಫ್ರೇಮಿನ ತಳದಲ್ಲಿ, ಎರಡು ಪೆಡಲುಗಳ ನಡುವಿನ ಅಚ್ಚು ಕೂರುವ ಜಾಗದಲ್ಲಿ, ಬಲಗಡೆ ಬಟ್ಟಲಿನಾಕಾರದ ಒಂದು ಹಳೆಯ ತಿರುಪು ತುಕ್ಕು ಹಿಡಿದು ಕೂತಿತ್ತು. ಅದನ್ನು ಬಿಚ್ಚಲು ಅಪ್ಪ ಸ್ಪ್ಯಾನರ್ ಹಾಕಿದರು, ಬರಲಿಲ್ಲ. ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ತೊಡಿಸಿದರು, ಬರಲಿಲ್ಲ. ಬಿಸಿನೀರು ಹುಯ್ದರು, ಎಣ್ಣೆ ಬಿಟ್ಟರು, ಕೊನೆಗೆ ನನ್ನನ್ನು ಫ್ರೇಮ್ ಹಿಡಿದುಕೊಳ್ಳಲು ನಿಲ್ಲಿಸಿ ತಾವು ಪೈಪಿನ ಮೇಲೆ ನೇತಾಡಿದರು. ಮಾರನೆಯ ದಿನ ತಾತ ಬಂದವರು ನೋಡಿ, ಕೂತು, ಮತ್ತೆ ಎದ್ದು ಹೇಳಿದರು: ‘ಯಜಮಾನ್ರೇ, ಬಲಗಡೇದು ಉಲ್ಟಾ ಮರೆ, ತಿರುಪಿನ ಸುತ್ತು ಹಿಂದುಮುಂದು. ನೀವು ಬಿಚ್ತಾ ಇಲ್ಲ, ಬಿಗಿ ಮಾಡ್ತಾ ಇದ್ದೀರ. ಇನ್ನೊಂಚೂರು ಬಿಗಿ ಮಾಡಿದ್ರೆ ಎಡಗಡೆಯಿಂದ ಆಚೆ ಬರ್ತಿತ್ತು!’ ಜೀವಮಾನವಿಡೀ ಪೈಪು ತಿರುಗಿಸಿದ ಮನುಷ್ಯ ಅವತ್ತು ಊಟಕ್ಕೆ ಕೂತಾಗಲೂ ಲೋಟವನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು. ಕೈ ತೊಳೆಯುವಾಗ, ‘ಒಂದೇ ಫ್ರೇಮಿಗೆ ಎರಡು ನ್ಯಾಯ ಯಾಕೆ ಮಾಡ್ತಾರೆ ಕಣೇ ಇವರು?’ ಎಂದು ನನ್ನನ್ನೇ ಅಪರಾಧಿ ಮಾಡಿ ಕೇಳಿದರು.

ಇನ್ನೊಂದು ಹೇಳುತ್ತೇನೆ, ನಾನು ಬರೆದೆನೆಂದು ಅವರಿಗೆ ಗೊತ್ತಾಗಬಾರದು. ಪೆಡಲು ಜೋಡಿಸುವ ಮುಂಚೆ ಅದರ ಮರೆಗೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ನೀಟಾಗಿ ಸುತ್ತಿದ್ದರು, ಅಭ್ಯಾಸಬಲ. ‘ಸೈಕಲ್ ಸೋರುತ್ತಾ?’ ಎಂದು ಕೇಳಿದೆ. ಟೇಪು ಬಿಚ್ಚಿ ಗ್ರೀಸು ಹಚ್ಚಿದರು. ನಗುವ ಯೋಗ್ಯತೆ ನನಗೂ ಇಲ್ಲ ಬಿಡು. ಹ್ಯಾಂಡಲಿಗೆ ಸುತ್ತಲು ನನ್ನ ಹತ್ತಿರವಿದ್ದ ದಪ್ಪ ಹತ್ತಿಯ ಪಟ್ಟಿ ಕೊಟ್ಟೆ, ಸುತ್ತುವ ಕೆಲಸವೂ ನನ್ನದೇ. ಅಂಚು ಕಟ್ಟುವ ಕೈ, ಎರಡೂ ಕಡೆ ಒಂದೇ ದಿಕ್ಕಿಗೆ ಸುತ್ತಿಬಿಟ್ಟೆ. ಕೈಯಿಟ್ಟು ತಿರುಚಿದರೆ ಒಂದು ಕಡೆ ಬಿಗಿಯುತ್ತದೆ, ಇನ್ನೊಂದು ಕಡೆ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ‘ನಿಂಗೂ ಉಲ್ಟಾ ಮರೆ ಸಿಕ್ತಲ್ಲ’ ಎಂದು ಅಪ್ಪ ಬಾಗಿಲಿಗೊರಗಿ ನಕ್ಕರು. ನೀನು ಚಿಕಿತ್ಸೆಗೆ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಕ್ರಗಳು ಒಂದು ಮುರಿದ ಸೈಕಲ್ಲಿನವು, ಅಳತೆಯಲ್ಲಿ ಕೂದಲಷ್ಟು ಚಿಕ್ಕವು. ಹಾಗಾಗಿ ಬ್ರೇಕಿನ ರಬ್ಬರು ಚಕ್ರದ ಅಂಚಿಗೆ ಸಿಗದೆ ಟೈರಿಗೆ ತಾಗುತ್ತಿತ್ತು. ತಾತ ರಾಶಿಯನ್ನೆಲ್ಲ ಕೆದಕಿ ಉದ್ದ ತೋಳಿನ ಬ್ರೇಕು ಹುಡುಕಿಕೊಟ್ಟರು, ತಾವೇ ಇಳಿಜಾರಿನಲ್ಲಿ ಹಿಡಿದು ನೋಡಿ ಒಪ್ಪಿದರು. ಬಣ್ಣ ಮಾತ್ರ ನಾವು ಮುಟ್ಟಿಲ್ಲ. ನೀಲಿ ಅಲ್ಲಲ್ಲಿ ಎದ್ದಿದೆ. ಕೊಳವೆಗಳು ಕೂಡುವ ಕಡೆ ಎಲೆಯಂಥ ಕೆತ್ತನೆಯಿದೆಯಲ್ಲ, ಅದರ ಅಂಚಿನ ಬಂಗಾರದ ಗೆರೆ ಎಂಜಲು ಹಚ್ಚಿದ ಬಟ್ಟೆಯಲ್ಲಿ ಒರೆಸಿದಾಗ ಹೊರಬಂತು. ಹಳೆಯ ರವಿಕೆಯ ಜರಿಯ ಹಾಗೆ.

ನಿನ್ನೆ ಎಲ್ಲ ಮುಗಿಯಿತು. ಕೊಳ್ಳುವವರು ಯಾರು, ಅವರ ಎತ್ತರವೆಷ್ಟು ಎಂದು ಗೊತ್ತಿಲ್ಲದ್ದರಿಂದ ಸೀಟನ್ನು ಸದ್ಯಕ್ಕೆ ನಿನ್ನ ಅಳತೆಗೇ ಇಟ್ಟಿದ್ದೇವೆ. ಅಪ್ಪ ಗಲ್ಲಿಯ ತುದಿಯವರೆಗೆ ಓಡಿಸಿದರು. ಸೀಟು ಎತ್ತರವಾಗಿ ತುದಿಗಾಲಲ್ಲಿ ತುಳಿದು, ಇಳಿಯುವಾಗ ಗೋಡೆ ಹಿಡಿದರು. ‘ಸದ್ದೇ ಮಾಡಲ್ಲ ಕಣೇ ಅದು’ ಎಂದರು. ಒಂದಷ್ಟು ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತಾ ಮತ್ತೆ ಅದನ್ನೇ ಹೇಳಿದರು.

ತಾತನ ಬಳಿ ಈಗ ಇನ್ನೊಬ್ಬ ಗಿರಾಕಿ ಇದ್ದಾರೆ. ಗೋಡೆಯವರಲ್ಲ, ದಿನಾ ಕೆಲಸಕ್ಕೆ ಓಡಿಸುವವರು, ಕೇಳಿದ ಬೆಲೆ ಕೊಡುತ್ತಾರಂತೆ. ನಿನ್ನ ವಸ್ತು, ನಿನ್ನ ಮಾತು. ಮಾರಿ ಎಂದರೆ ಮಾರುತ್ತೇವೆ, ಬೇಸರವಿಲ್ಲ. ನಿನ್ನ ಉತ್ತರ ಬರುವವರೆಗೆ ತಡೆಯಿರಿ ಎಂದಷ್ಟೇ ಹೇಳಿದ್ದೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು, ನಗದಿದ್ದರೂ ಪರವಾಗಿಲ್ಲ. ಎಲ್ಲಿದ್ದರೂ ನಿನ್ನ ಕಾಲಿಗೆ ಮುಳ್ಳು ತಾಗದಿರಲಿ.

ಇಂತು,
ನಿನ್ನ ಅಮ್ಮ

ತಾ.ಕ.: ಪಾರ್ಸಲ್ ಕಟ್ಟುವ ಮುಂಚೆ ಇದನ್ನು ಬರೆದುಬಿಡುತ್ತೇನೆ. ನೀನು ಕಳಿಸಿದ ಎರಡು ಪ್ಯಾಂಟಿನಲ್ಲೂ ಎಡಗಾಲಿನ ಅಂಚು ಹಿಮ್ಮಡಿಯ ಕಡೆ ಸವೆದು ನಾರಾಗಿದೆ, ಬಲಗಾಲಿನದು ಹೊಸದರಂತಿದೆ. ನನ್ನ ಹೊಲಿಗೆಯೇ ಹೆಚ್ಚುಕಡಿಮೆ ಆಯಿತೇನೋ ಎಂದು ಟೇಪು ಹಿಡಿದು ನೋಡಿದೆ. ಎರಡೂ ಸಮವಾಗಿಯೇ ಇವೆ. ಹಾಗಾದರೆ ಅಂಚು ನೆಲಕ್ಕೆ ಎಳೆದದ್ದು ಪ್ಯಾಂಟಿನ ತಪ್ಪಲ್ಲ, ಮೂಳೆ ಕೂಡಿಕೊಂಡಾಗ ಎಡಗಾಲು ಕೊಂಚ ಗಿಡ್ಡವಾಗಿದೆ. ಹುಚ್ಚು ಯಾಕೆ ಬಿಟ್ಟುಹೋಯಿತು ಎಂದು ಆಗ ಅರ್ಥವಾಯಿತು ಮಗಳೇ. ನೀನು ಹೇಳಲಿಲ್ಲವೆಂದು ಬೇಜಾರಿಲ್ಲ. ಎಡಗಡೆ ಒಂದು ಬೆರಳಿನಷ್ಟು ಮೇಲೆ ಮಡಿಸಿ ಹೊಲಿದಿದ್ದೇನೆ, ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬೇಕಾದರೆ ಬಿಚ್ಚಬಹುದು. ಹಾಕಿಕೊಂಡು ಬರಿಗಾಲಲ್ಲಿ ಕನ್ನಡಿ ಮುಂದೆ ನಿಂತು, ಅಳತೆ ಸರಿಯೇ ಎಂದು ತಿಳಿಸು. ಅಪ್ಪನಿಗೂ ಹೇಳಿದೆ. ಅವರು ವಾಷರ್ ಕತ್ತರಿಸುವ ದಪ್ಪ ರಬ್ಬರ್ ಹಾಳೆಯನ್ನು ಪದರ ಪದರವಾಗಿ ಕತ್ತರಿಸಿ ಎಡ ಪೆಡಲಿನ ಎರಡೂ ಮೈಗೆ ಜೋಡಿಸಿದ್ದಾರೆ. ಪದರ ಸೇರಿಸಬಹುದು, ತೆಗೆಯಬಹುದು. ಎಷ್ಟು ದಪ್ಪ ಬೇಕು ಎಂದು ನಿನ್ನನ್ನು ಕೇಳಲು ಅವರಿಗೆ ಬಾಯಿ ಬರುತ್ತಿಲ್ಲ. ಅದರ ಬೋಲ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದಾರೆ, ಸ್ಪ್ಯಾನರ್ ಮುಟ್ಟಿಸಿಲ್ಲ.