ಸೀಲ್ ಒಡೆಯದ ಪೆಟ್ಟಿಗೆ

ಶಾಮ್ ಶುಯಿ ಪೋ, ಹಾಂಗ್‌ಕಾಂಗ್
೯ ಅಕ್ಟೋಬರ್ ೨೦೦೬

ಮಗಳು ಯೂತ್‌ಹಾಳಿಗೆ, ನಿನ್ನ ಅಮ್ಮ ನೆನೆದು ನೆನೆದು ಬರೆಯುವುದು.

ನಿನ್ನ ಕಾಗದವೂ ಸಕ್ಕರೆ ಹಾಕಿದ ಜಾಯಿಕಾಯಿಯ ಡಬ್ಬಿಯೂ ಹಬ್ಬದ ಹಿಂದಿನ ದಿನವೇ ಕೈಸೇರಿದವು. ನಿನ್ನ ಅಪ್ಪ "ಇದೇನು, ಔಷಧಿ ಕಳಿಸಿದಾಳಾ?" ಅಂತ ಮೂಗು ಮುರಿದರು. ಸಂಜೆ ನೋಡುತ್ತೇನೆ, ಅರ್ಧ ಡಬ್ಬಿ ಖಾಲಿ.

ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಅಂದುಕೊಳ್ಳುತ್ತೀಯ. ಈ ಮನೆಯಲ್ಲಿ ಗುಟ್ಟು ಹೇಳುವಷ್ಟು ಜಾಗ ಎಲ್ಲಿದೆ, ಹೇಳು. ನಿನ್ನ ಫೋನು ಬಂದರೆ ನಿನ್ನ ಅಪ್ಪ ನನ್ನ ಕಿವಿಗೆ ತಮ್ಮ ಕಿವಿ ಅಂಟಿಸಿಕೊಂಡೇ ನಿಲ್ಲುತ್ತಾರೆ. ಈಗ ತಮ್ಮ ಕ್ಯಾಮೆರಾ ರಿಪೇರಿ ಅಂಗಡಿಗೆ ಹೋಗಿದ್ದಾರೆ. ಮಧ್ಯಾಹ್ನದ ಊಟಕ್ಕೆ ಬರುವುದರೊಳಗೆ ಇದನ್ನು ಮುಗಿಸಬೇಕು.

ನೀನು ಅಪ್ಪನಿಗೆ ಬರೆದಿದ್ದೆಯಲ್ಲ, ಪೆನಾಂಗ್‌ನಲ್ಲಿ ಮನೆ ನೋಡಿದ್ದೇವೆ, ಮುಂಗಡಕ್ಕೆ ದುಡ್ಡು ಸಾಲದು, ನಿಮ್ಮ ಚಿನ್ನದ ಕ್ಯಾಮೆರಾ ಮಾರಿದರೆ ಬೇಜಾರಾಗುತ್ತದಾ ಅಂತ. ಬೇಜಾರಾ? ಅವರ ಖುಷಿ ನೀನು ನೋಡಬೇಕಿತ್ತು. ಆ ಕಾಗದವನ್ನು ಮೂರು ಸಲ ಓದಿದರು. "ನೋಡಿದ್ಯೇನೆ, ಇದನ್ನ ಯಾಕೆ ಇಟ್ಟಿದೀರಿ ಅಂತ ಇಪ್ಪತ್ತೆರಡು ವರ್ಷ ಗೊಣಗಿದೆಯಲ್ಲ. ನನ್ನ ಮಗಳಿಗೆ ಇವತ್ತು ಬೇಕಾಯ್ತು" ಅಂದರು. ಬಿಳಿ ಕೈಗವಸು ಹಾಕಿಕೊಂಡು ಕುರ್ಚಿ ಹತ್ತಿ, ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ ಊಟದ ಮೇಜಿನ ಮೇಲೆ ಇಟ್ಟರು. ಅವತ್ತು ನಾವು ಹಾಸಿಗೆಯ ಮೇಲೆ ಕೂತು ಊಟ ಮಾಡಿದೆವು.

ಆ ಪೆಟ್ಟಿಗೆಯ ಕಥೆ ನಿನಗೆ ಅರ್ಧ ಗೊತ್ತು. ಜರ್ಮನಿಯವರು ಯಾವುದೋ ವಾರ್ಷಿಕೋತ್ಸವಕ್ಕೆ ಸಾವಿರ ಮಾತ್ರ ಮಾಡಿದ್ದು, ಚಿನ್ನದ ಲೇಪ, ಮೇಲೆ ಹಲ್ಲಿಯ ಜಾತಿಯ ಪ್ರಾಣಿಯ ಚರ್ಮ. ಲೇಪವನ್ನೆಲ್ಲ ಕೆರೆದರೂ ನನ್ನ ಕಿವಿಯೋಲೆಯಷ್ಟು ಚಿನ್ನ ಬರುವುದಿಲ್ಲ ಅಂತ ನಾನು ಹಂಗಿಸುತ್ತಿದ್ದೆ. ಆದರೆ ಬೆಲೆ ಇರುವುದು ಚಿನ್ನಕ್ಕಲ್ಲವಂತೆ, ಯಾರೂ ಮುಟ್ಟಿಲ್ಲ ಅನ್ನುವುದಕ್ಕಂತೆ. ಪೆಟ್ಟಿಗೆಯ ಬಾಯಿಗೆ ದುಂಡನೆಯ ಕಾಗದದ ಸೀಲ್ ಇದೆ. ಅದು ಹರಿದರೆ ಬೆಲೆ ಅರ್ಧ ಬಿದ್ದಂತೆ. ಹೀಗಾಗಿ ಅದನ್ನು ಕೊಂಡವರು ತೆರೆಯುವುದಿಲ್ಲ, ಅವರಿಂದ ಕೊಂಡವರೂ ತೆರೆಯುವುದಿಲ್ಲ. ದಿನಾ ಹತ್ತು ಕ್ಯಾಮೆರಾ ಬಿಚ್ಚಿ ಜೋಡಿಸುವ ಮನುಷ್ಯ ಇದೊಂದನ್ನು ಕಣ್ಣಾರೆ ನೋಡಲೇ ಇಲ್ಲ. ಅಂಥದ್ದೇ ಇನ್ನೆರಡು ಪೆಟ್ಟಿಗೆ ಮಾರಿ ಈ ಮನೆ ಮಾಡಿದ್ದರಿಂದ ಅವರ ನಂಬಿಕೆ ಕಲ್ಲಾಗಿತ್ತು.

ಇನ್ನರ್ಧ ಹೇಳುತ್ತೇನೆ. ಓದುವಾಗ ಅಳಿಯಂದಿರು ಹತ್ತಿರ ಇದ್ದರೆ ಒಳಗೆ ಹೋಗು.

ನಿನಗೆ ಹದಿಮೂರು ವರ್ಷ. ಬೆನ್ನುಮೂಳೆ ತಿಂಗಳಿಂದ ತಿಂಗಳಿಗೆ ಸೊಟ್ಟಗಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಎರಡು ವರ್ಷ ಕಾಯಬೇಕಿತ್ತು. ಅಷ್ಟರಲ್ಲಿ ಶ್ವಾಸಕೋಶಕ್ಕೆ ಒತ್ತುತ್ತದೆ, ಖಾಸಗಿಯಲ್ಲಿ ಮಾಡಿಸಿ ಅಂದರು ಡಾಕ್ಟರು. ಪೆಟ್ಟಿಗೆ ಮಾರೋಣ ಅಂದೆ. ನಿನ್ನ ಅಪ್ಪ "ಡಾಕ್ಟರುಗಳು ಹೆದರಿಸೋದೇ ಹಾಗೆ. ಈಗ ಬೆಲೆ ಬಿದ್ದಿದೆ, ಇನ್ನು ಸ್ವಲ್ಪ ದಿನ ತಡಿ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ. ಆಪರೇಷನ್ ಆದ ಮೇಲೆ ಆರು ತಿಂಗಳು ನಿನ್ನನ್ನು ಐದು ಮಹಡಿ ಹೊತ್ತು ಹತ್ತಿಸಿದವರೂ ಅವರೇ. ಅದನ್ನೂ ಮರೆತಿಲ್ಲ.

ಮಕಾವಿನ ನಿನ್ನ ಸೋದರಮಾವ ದುಡ್ಡು ಕೊಟ್ಟ ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ಪಾಪ, ಅವನ ಹತ್ತಿರ ಎಲ್ಲಿತ್ತು? ನಾನು ಹೇಳಿಕೊಟ್ಟಂತೆ ಹೂಂ ಅಂದ. ಅವನನ್ನು ಕಂಡರಾಗದ ನಿನ್ನ ಅಪ್ಪ ಅವನು ಸಾಯುವ ತನಕ ಪ್ರತಿ ಹೊಸವರ್ಷಕ್ಕೂ ಎರಡು ಕೈಯಲ್ಲಿ ಚಹಾ ಕೊಟ್ಟು ತಲೆ ಬಗ್ಗಿಸಿದರು. ಅದನ್ನು ನೋಡುತ್ತ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ನಾನು ಶರ್ಟ್ ಫ್ಯಾಕ್ಟರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದವಳು. ತಪ್ಪಾಗಿ ಅಂಟಿದ ಲೇಬಲ್ಲನ್ನು ಹಬೆ ಹಿಡಿದು ಎಬ್ಬಿಸಿ, ಗುರುತಿಲ್ಲದ ಹಾಗೆ ಮತ್ತೆ ಅಂಟಿಸುವುದು ನನ್ನ ಕೆಲಸ. ಆ ಸೀಲ್ ನನ್ನ ಕೈಗೆ ಐದು ನಿಮಿಷದ್ದು. ಕ್ಯಾಮೆರಾ ತೆಗೆದುಕೊಂಡು ದೋಣಿಯಲ್ಲಿ ಆಚೆ ದಡಕ್ಕೆ ದಾಟಿ, ನಮ್ಮ ಗುರುತಿಲ್ಲದ ಅಂಗಡಿಯಲ್ಲಿ ಮಾರಿದೆ. ಪೆಟ್ಟಿಗೆ ಇಲ್ಲದ್ದಕ್ಕೆ ಕಡಿಮೆಯೇ ಬಂತು, ಆದರೆ ಆಸ್ಪತ್ರೆಗೆ ಸಾಕಾಯಿತು. ನಿನ್ನ ಅಪ್ಪ ಮನೆಯಲ್ಲಿ ಬಿಡಿಭಾಗ ಇಡುತ್ತಿದ್ದ ಡ್ರಾಯರಿನಿಂದ ಲೆನ್ಸ್ ಇಲ್ಲದ ಒಂದು ಮುರುಕು ಕ್ಯಾಮೆರಾ, ತೂಕ ಸಾಲದ್ದಕ್ಕೆ ಒಂದಿಷ್ಟು ಹಿತ್ತಾಳೆ ಚೂರು ತೆಗೆದೆ. ತಕ್ಕಡಿಯಲ್ಲಿ ತೂಗಿ, ಅಲ್ಲಾಡಬಾರದು ಅಂತ ಅವರು ಲೆನ್ಸ್ ಒರೆಸುವ ಹಳದಿ ಬಟ್ಟೆಯಲ್ಲೇ ಸುತ್ತಿ ಒಳಗಿಟ್ಟು ಸೀಲ್ ಅಂಟಿಸಿದೆ. ಹದಿನೆಂಟು ವರ್ಷದಿಂದ ಬೀರುವಿನ ಮೇಲೆ ಇರುವುದು ಅದೇ. ನೀನು ಈಗ ಕೇಳಿದ ದುಡ್ಡು ಆಗಲೇ ನಿನ್ನ ಬೆನ್ನಿಗೆ ಹೋಗಿದೆ, ಮಗಳೇ.

ಹೊಟ್ಟೆ ಉರಿಯುವುದು ಯಾವಾಗ ಗೊತ್ತಾ? ಮನೆಗೆ ಯಾರಾದರೂ ಬಂದಾಗ ನಿನ್ನ ಅಪ್ಪ ಬೀರುವಿನ ಕಡೆ ಕೈ ತೋರಿಸಿ "ಮಗಳ ಆಪರೇಷನ್ ಟೈಮಲ್ಲೂ ಅದನ್ನ ಮುಟ್ಟಲಿಲ್ಲ ನಾನು" ಅಂತ ಹೆಮ್ಮೆಯಿಂದ ಹೇಳುವಾಗ.

ನಾಡಿದ್ದು ಬುಧವಾರ ಪೆಟ್ಟಿಗೆ ಕೊಳ್ಳಲು ಬರುವವರು ಬೇರೆ ಯಾರೂ ಅಲ್ಲ, ಫೋಕ್ ಚಿಕ್ಕಪ್ಪ. ನಿನ್ನ ಅಪ್ಪನೂ ಅವರೂ ಹದಿನಾರನೇ ವಯಸ್ಸಿಗೆ ಒಬ್ಬರೇ ಮೇಸ್ತ್ರಿಯ ಹತ್ತಿರ, ಒಂದೇ ಬೆಂಚಿನಲ್ಲಿ ಕೂತು ಕೆಲಸ ಕಲಿತವರು. ಫೋಕ್ ಕ್ಯಾಮೆರಾ ಮಾರುವ ದೊಡ್ಡ ಅಂಗಡಿ ಮಾಡಿದರು, ನಿನ್ನ ಅಪ್ಪ ಸ್ಕ್ರೂಡ್ರೈವರ್ ಬಿಡಲಿಲ್ಲ. ಆದರೂ ಇಬ್ಬರ ನಡುವೆ ಒಂದು ಚೂರು ಹೆಚ್ಚುಕಡಿಮೆ ಬಂದದ್ದಿಲ್ಲ. ಹೊರಗಿನವರಿಗೆ ಮಾರಿ ಅಂತ ನಾನು ಹೇಳಿ ನೋಡಿದೆ. "ಹೊರಗಿನೋರು ಸೀಲ್ ಮೇಲೆ ದೀಪ ಹಿಡಿದು ನೋಡ್ತಾರೆ. ಅವನು ನನ್ನ ಮುಖ ನೋಡಿ ತಗೋತಾನೆ" ಅಂದರು.

ಅದೇ ನನ್ನ ಭಯ. ನಾನು ಬಾಯಿ ಬಿಟ್ಟರೆ, ಹೆಂಡತಿ ಕದ್ದಳು, ಸತ್ತ ಭಾವಮೈದುನನಿಗೆ ಸುಮ್ಮಸುಮ್ಮನೆ ತಲೆ ಬಗ್ಗಿಸಿದೆ, ಎಲ್ಲಕ್ಕಿಂತ ಹೆಚ್ಚಾಗಿ, ಮಗಳ ಬೆನ್ನಿಗೆ ತಾನು ಏನೂ ಮಾಡಲಿಲ್ಲ ಅಂತ ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡರೆ, ಅವರ ಬಾಯಿಂದಲೇ ಅವರ ಗೆಳೆಯನಿಗೆ ಮೋಸ ಮಾಡಿಸಿದ ಹಾಗೆ. ಫೋಕ್ ಅವರ ಕಪಾಟಿನಲ್ಲಿ ಇಂಥವೇ ಇಪ್ಪತ್ತಾರು ಪೆಟ್ಟಿಗೆಗಳಿವೆ, ಒಂದನ್ನೂ ಅವರು ತೆರೆದಿಲ್ಲ. ಇದನ್ನೂ ತೆರೆಯುವುದಿಲ್ಲ, ಅವರ ಕಾಲದ ನಂತರ ಮಗನೂ ತೆರೆಯದೆ ಮಾರುತ್ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಮನೆ ಈಗ ಬೇಡ ಅಂತ ನೀನೇ ಅಪ್ಪನಿಗೆ ಹೇಳಿಬಿಡು. ಆದರೆ ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಬುಧವಾರ ಕಳೆದಿರುತ್ತದೆ. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಅಮ್ಮನ ಧೈರ್ಯ ಇಷ್ಟೇ ಕಣೆ. ಮೆಟ್ಟಿಲಲ್ಲಿ ಅವರ ಚಪ್ಪಲಿ ಸದ್ದು ಕೇಳುತ್ತಿದೆ, ಅಕ್ಕಿ ಇನ್ನೂ ತೊಳೆದಿಲ್ಲ.

ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರು. ಭಾರ ಎತ್ತಬೇಡ.

ನಿನ್ನ
ಅಮ್ಮ

ತಾ.ಕ. — ೨೯ ಅಕ್ಟೋಬರ್, ಭಾನುವಾರ. ಇದನ್ನು ಅಂಚೆಗೆ ಹಾಕಲು ಆಗಲಿಲ್ಲ. ಅಕ್ಕಿ ಡಬ್ಬಿಯ ಕೆಳಗೆ ಬಿದ್ದಿತ್ತು. ಅಷ್ಟರಲ್ಲಿ ಅಪ್ಪ ಕಳಿಸಿದ ದುಡ್ಡು ನಿನಗೆ ಬಂತು, ಮುಂಗಡ ಕಟ್ಟಿದೆವು ಅಂತ ನೀನು ಫೋನಿನಲ್ಲಿ ಖುಷಿಗೆ ಅತ್ತೆ, ನಾನು ಒಳ್ಳೆಯದಾಯಿತು ಅಂದೆ.

ಬುಧವಾರ ಫೋಕ್ ಬಂದರು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಗಳಿಗೆ ಹಾಗೇ ನಿಂತರು. "ಪಿಂಗ್ ಅಣ್ಣ, ನೀನು ಕೊಟ್ಟ ಮೇಲೆ ನೋಡೋದೇನಿದೆ" ಅಂತ ನಿನ್ನ ಅಪ್ಪನ ಮುಖ ನೋಡಿ ನಕ್ಕು ಚೆಕ್ ಕೊಟ್ಟು ಹೋದರು.

ಮಾರನೇ ದಿನ, ನಿನ್ನ ಅಪ್ಪ ಅಂಗಡಿಗೆ ಹೋದ ಮೇಲೆ ಫೋಕ್ ಮತ್ತೆ ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಮಡಿಸಿದ ಹಳದಿ ಬಟ್ಟೆಯೊಂದನ್ನು ನನ್ನ ಕೈಗಿಟ್ಟರು. ಕೆಲಸಗಾರರ ಬಟ್ಟೆ ಅದಲುಬದಲಾಗದಿರಲಿ ಅಂತ ಮೂಲೆಯಲ್ಲಿ ಶಾಯಿಯಿಂದ ಹೆಸರು ಬರೆಯುತ್ತಾರೆ, ನೋಡು. ನಿನ್ನ ಅಪ್ಪನ ಹೆಸರು ಅವರದೇ ಕೈಬರಹದಲ್ಲಿ ಇತ್ತು. ಅವತ್ತು ಸುತ್ತುವಾಗ ನಾನು ನೋಡಿರಲಿಲ್ಲ. "ಅತ್ತಿಗೆ, ಕೈಗೆ ತಗೊಂಡಾಗ್ಲೇ ಗೊತ್ತಾಯ್ತು. ತೂಕ ಸರಿ ಇದೆ, ಆದ್ರೆ ಲೆನ್ಸ್ ಇರೋ ಕ್ಯಾಮೆರಾ ಮುಂದಕ್ಕೆ ವಾಲತ್ತೆ, ಇದು ವಾಲಲಿಲ್ಲ. ಜೀವಮಾನದಲ್ಲಿ ಸೀಲ್ ಒಡೆದವನಲ್ಲ ನಾನು, ನಿನ್ನೆ ಒಡೆದೆ. ಯೂತ್‌ಹಾ ಮನೆಗೆ ಅಂತ ಅವನು ಬಾಯಿಬಿಟ್ಟು ಕೇಳಿದ್ರೆ ಕೊಡ್ತಿರಲಿಲ್ವಾ? ಅವಳು ನನಗೂ ಮಗಳಲ್ವಾ? ನಾನು ಬಂದಿದ್ದೆ ಅಂತ ಅವನಿಗೆ ಹೇಳಬೇಡಿ, ಅವನಿಗೆ ಅವಮಾನ ಆಗತ್ತೆ" ಅಂದರು.

ಮೋಸ ಮಾಡಿದ್ದು ಅವರಲ್ಲ, ನಾನು ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಟ್ಟೆಯನ್ನು ಜೇಬಿಗೆ ತುರುಕಿಕೊಂಡೆ. ಅವರು ಮೆಟ್ಟಿಲಿಳಿದು ಹೋದರು.

ಭಾನುವಾರ ಬೆಳಗ್ಗೆ ಇಬ್ಬರೂ ಟೀಹೌಸಿನಲ್ಲಿ ಕೂರುತ್ತಿದ್ದುದು ನಿನಗೆ ಗೊತ್ತಲ್ಲ. ಇದು ಮೂರನೇ ಭಾನುವಾರ, ಫೋಕ್ ಬಂದಿಲ್ಲ. ಇವತ್ತು ನಿನ್ನ ಅಪ್ಪ ಎಂಟು ಗಂಟೆಗೇ ವಾಪಸು ಬಂದು ಶೂ ಕೂಡ ಬಿಚ್ಚದೆ ಕೂತರು. "ಅವನ ಕಪ್ಪಿಗೂ ಚಹಾ ಬಗ್ಗಿಸಿ ಇಟ್ಟಿದ್ದೆ ಕಣೆ, ಆರಿಹೋಯ್ತು. ಫೋನ್ ಮಾಡಿದ್ರೆ ಎತ್ತಲ್ಲ. ಅವತ್ತು ನಾನೇನಾದ್ರೂ ತಪ್ಪು ಮಾತಾಡಿದ್ನಾ? ನೀನೂ ಇಲ್ಲೇ ಇದ್ಯಲ್ಲ, ನಿನಗೇನಾದ್ರೂ ಗೊತ್ತಾ?" ಅಂತ ಕೇಳಿದರು.

ನನಗೇನೂ ಗೊತ್ತಿಲ್ಲ ಅಂದೆ.