ಅಪ್ಪನ ಬಾಯಲ್ಲಿ ಉಳಿದ ಮಾತು

ಭಾನುವಾರ, ಮಧ್ಯಾಹ್ನ

ನನ್ನ ತರಲೆ ಮಗಳಿಗೆ,

ಅಮ್ಮ ಬರೆಯುತ್ತಿದ್ದೇನೆ. ಆರೋಗ್ಯವಾಗಿದ್ದೇನೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ಹೊಲಿಗೆ ಅಂಗಡಿಗೆ ಹೋಗಿ ಬರುತ್ತಿದ್ದೇನೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನವಾಗಿ ಓದುತ್ತೀಯ ಎಂದು ಹೇಳಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ "ಆಮೇಲೆ ಮಾಡ್ತೀನಮ್ಮಾ" ಅನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ಅಪ್ಪನನ್ನು ಕಳಿಸಿಕೊಟ್ಟ ಮೇಲೆ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಕೊನೆಗೂ ಒಂದು ಕಾಗದ ಬಂತು ಎಂದು ಸಂಭ್ರಮದಿಂದ ಒಡೆದರೆ ಅದರಲ್ಲಿ ಇದ್ದದ್ದು ಆಸ್ಪತ್ರೆಯ ಆ ದಿನದ ಮಾತು, ಕೊನೆಗೆ ಒಂದೇ ಪ್ರಶ್ನೆ. ಆಪರೇಷನ್ನಿಗೆ ಮುಂಚೆ ಅಪ್ಪ ಹೌದು ಅಂದರೋ, ಬೇಡ ಅಂದರೋ? "ಅಮ್ಮಾ, ನಿನಗೊಬ್ಬಳಿಗೇ ಗೊತ್ತಾಗುವುದು, ನಿಜ ಹೇಳು" ಎಂದು ಬರೆದಿದ್ದೀಯ.

ಹೇಳುತ್ತೇನೆ. ಆದರೆ ಅಳತೆ ತೆಗೆದುಕೊಳ್ಳದೆ ಕತ್ತರಿ ಹಾಕುವ ಅಭ್ಯಾಸ ನನಗಿಲ್ಲ. ಸ್ವಲ್ಪ ಸಹಿಸಿಕೋ.

ನಿನ್ನಪ್ಪ ಮನೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದೆ. ನನಗೆ ಆ ಭಾಷೆ ಬರದಿದ್ದರೂ ಪಾಠವೆಲ್ಲ ಕಿವಿಗೆ ಬಿದ್ದು ಬಾಯಿಪಾಠವಾಗಿತ್ತು. ಓದುತ್ತಿದ್ದ ಮಗು ಯಾರಾದರೂ ಬಂದರೆಂದು ನಿಲ್ಲಿಸಿದರೆ ಸಾಕು, "ಕ್ಯಾರಿ ಆನ್, ಕ್ಯಾರಿ ಆನ್" ಅನ್ನುವರು. ಅದರ ಅರ್ಥಗಳನ್ನೂ ಅವರೇ ಬರೆಸುತ್ತಿದ್ದರು. ಮುಂದುವರಿಸು, ನಡೆಸಿಕೊಂಡು ಹೋಗು, ಬಿಡದೆ ಮಾಡು, ಸಿಟ್ಟಿನಲ್ಲಿ ಹೇಳಿದರೆ ರಗಳೆ ಮಾಡು. ಒಂದು ದಿನ ಒಬ್ಬ ಚೂಟಿ ಹುಡುಗ ಇನ್ನೊಂದು ಅರ್ಥವೂ ಇದೆಯಂತಲ್ಲ ಸಾರ್ ಎಂದಾಗ ಇವರು ಕೆಮ್ಮಿ, ಅದು ಪರೀಕ್ಷೆಗೆ ಬರಲ್ಲ ಎಂದು ಪುಟ ತಿರುಗಿಸಿದರು. ಊಟಕ್ಕೆ ಕೂತಾಗ ನಾನು ಬಿಡದೆ ಕೇಳಿದೆ. ಕಿವಿ ಕೆಂಪಗೆ ಮಾಡಿಕೊಂಡು, ಕಟ್ಟಿಕೊಂಡವರನ್ನು ಬಿಟ್ಟು ಬೇರೆಯವರ ಜೊತೆ ಕದ್ದು ಓಡಾಡೋದಕ್ಕೂ ಹಾಗೇ ಅಂತಾರೆ ಎಂದರು. ನಾನು ಆ ವಾರವಿಡೀ ಅವರು ಚಪ್ಪಲಿ ಮೆಟ್ಟಿದಾಗಲೆಲ್ಲ ಎಲ್ಲಿಗೆ ಕ್ಯಾರಿ ಆನ್ ಎಂದು ಕೇಳಿ ಗೋಳು ಹೊಯ್ದುಕೊಂಡೆ.

ಆಮೇಲೆ ಅವರ ತಲೆಯಲ್ಲಿ ರಕ್ತ ಕಟ್ಟಿತು. ಬಲಗೈ ಹೋಯಿತು, ಮಾತು ಹೋಯಿತು. ಕನ್ನಡವೂ ಹೋಯಿತು, ಇಂಗ್ಲಿಷೂ ಹೋಯಿತು, ನನ್ನ ಹೆಸರೂ ಹೋಯಿತು. ಉಳಿದದ್ದು ಆ ಎರಡು ಪದ. ತುಂಬಾ ಬಳಸಿದ ಮಾತು ಕೆಲವರಿಗೆ ಹಾಗೆ ಉಳಿದುಬಿಡುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹೆಸರಿಗಿಂತ ಕ್ಲಾಸಿನ ಮಾತೇ ಹೆಚ್ಚು ಬಳಕೆಯಾಗಿತ್ತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ನಗಬೇಡ, ನಿಜವಾಗಿಯೂ ಉರಿಯಿತು.

ಮಾತು ಕಲಿಸುವ ಹುಡುಗಿ ಬಂದು ಲೋಟದ ಚಿತ್ರ ತೋರಿಸಿದರೂ ಕ್ಯಾರಿ ಆನ್, ಕುರ್ಚಿಯ ಚಿತ್ರ ತೋರಿಸಿದರೂ ಕ್ಯಾರಿ ಆನ್. ಪಾಪ, ಅವಳಿಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ನಕ್ಕು ನಕ್ಕು, ನಗು ಎಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಆದರೆ ಮನುಷ್ಯರಿಗೆ ಎರಡು ಪದ ಸಾಲುತ್ತದೆ ಕಣೇ. ನೀರು ಬೇಕಾದರೆ ಎರಡನೆಯ ಪದವನ್ನು ನುಂಗಿಬಿಡುತ್ತಿದ್ದರು. ಕಿಟಕಿ ತೆಗೆದರೆ ಹಿತವಾಗಿ ಮೊದಲನೆಯದನ್ನು ಎಳೆಯುತ್ತಿದ್ದರು. ನಾನು ಬೇಸರಪಟ್ಟು ಮೆಷಿನ್ ನಿಲ್ಲಿಸಿ ಕೂತರೆ ಗದ್ದ ಎತ್ತಿ ಹೇಳುತ್ತಿದ್ದರು, ಮೆಷಿನ್ನಿನ ಶಬ್ದ ಅವರಿಗೆ ಬೇಕಿತ್ತು. ಊಟಕ್ಕೆ ಉಪ್ಪು ಜಾಸ್ತಿಯಾದ ದಿನ ಹೇಳಿದ್ದಕ್ಕೆ ಯಾವ ಪುಸ್ತಕದಲ್ಲೂ ಅರ್ಥ ಸಿಗುವುದಿಲ್ಲ. ನಾನು, "ಬೈಯಿರಿ, ಮಾಸ್ತರು ಬೈದರೂ ಇಂಗ್ಲಿಷಲ್ಲೇ" ಅಂದೆ. ನಾವು ಜಗಳವನ್ನೂ ಆಡಿದ್ದೇವೆ. ನಾನು ಕನ್ನಡದಲ್ಲಿ, ಅವರು ಅದರಲ್ಲಿ. ಗೆದ್ದವರು ಹೆಚ್ಚಾಗಿ ಅವರೇ.

ದೂರದ ಕೆಲಸದಿಂದ ರಜೆಗೆಂದು ಬರುತ್ತಿದ್ದ ನಿನಗೆ ಇದೆಲ್ಲ ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಪಕ್ಕದಲ್ಲಿ ದಿನವೂ ಕೂತು, ಬಾಯಿ ಒರೆಸಿ, ಮಗ್ಗುಲು ಬದಲಿಸಿದವರಿಗೆ ಮಾತ್ರ ಬರುವ ಭಾಷೆ ಅದು.

ಈಗ ಆ ದಿನದ ಮಾತು. ಕುತ್ತಿಗೆಯ ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಆಪರೇಷನ್ ಮಾಡಿದರೆ ಕೆಲವು ವರ್ಷ ಸಿಗಬಹುದು, ಮೇಜಿನ ಮೇಲೇ ಜೀವ ಹೋಗಲೂಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೊಲಿಯಲು ತೆಗೆದುಕೊಂಡಿದ್ದ ಬಟ್ಟೆಗಳನ್ನು ಬೇರೆಯವರಿಗೆ ಒಪ್ಪಿಸಿ ಬರುತ್ತೇನೆ ಎಂದು ನಿನ್ನನ್ನು ಅವರ ಪಕ್ಕದಲ್ಲಿ ಬಿಟ್ಟು ನಾನು ಅಂಗಡಿಗೆ ಹೋದೆ. ಅಷ್ಟರಲ್ಲಿ ಡಾಕ್ಟರು ಬಂದರು, ಬೇಗ ನಿರ್ಧಾರ ಮಾಡಿ ಎಂದರು. ನೀನು ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಅಪ್ಪಾ, ಮಾಡಿಸೋಣವಾ?" ಎಂದು ಕೇಳಿದೆ. ಅವರು ಬಿಡಿಬಿಡಿಯಾಗಿ, ಮೆಲ್ಲಗೆ ಕ್ಯಾರಿ ಆನ್ ಎಂದರು, ನಿನ್ನ ಕೈ ತಟ್ಟಿದರು. ಡಾಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು, ನಿನಗೂ ಬರುತ್ತಿತ್ತು. ಮುಂದುವರಿಸಿ ಎಂದರು ಎಂದೇ ಇಬ್ಬರೂ ತಿಳಿದಿರಿ. ನೀನು ಸಹಿ ಹಾಕಿದೆ. ನಾನು ಮರಳಿ ಬರುವಾಗ ಮಂಚ ಖಾಲಿಯಿತ್ತು. ಅಪ್ಪ ಮತ್ತೆ ಕಣ್ಣು ತೆರೆಯಲಿಲ್ಲ.

ಅಂದಿನಿಂದ ನೀನು ಅಪ್ಪನನ್ನು ಕೊಂದವಳ ಹಾಗೆ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೀಯ. ಕೇಳಿಲ್ಲಿ. ಅಪ್ಪ ಹೌದು ಎಂದೇ ಹೇಳಿದ್ದು. ಕೈ ತಟ್ಟಿದರು ಎಂದು ನೀನೇ ಬರೆದಿದ್ದೀಯಲ್ಲ, ಧೈರ್ಯ ಹೇಳುವವರು ತಾನೇ ಕೈ ತಟ್ಟುವುದು? ಭಯಪಡಬೇಡ ಮಗಳೇ, ಮಾಡಿಸು ಎಂದರು. ಅಷ್ಟೇ ಅದರ ಅರ್ಥ. ಇನ್ನು ಈ ವಿಷಯ ಎತ್ತಬೇಡ.

ಮುಂದಿನ ರಜೆಗೆ ಬಾ. ಅಪ್ಪನ ಬಟ್ಟೆ ಯಾರಿಗಾದರೂ ಕೊಡಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಬೀರು ತೆಗೆಯುತ್ತೇನೆ, ಮುಚ್ಚುತ್ತೇನೆ. ಒಬ್ಬಳ ಕೈಯಲ್ಲಿ ಆಗುತ್ತಿಲ್ಲ. ನನಗೆ ಗಂಡನೂ ಇಲ್ಲ, ಮಗಳೂ ಇಲ್ಲ ಅನ್ನುವ ಹಾಗಾಗಿದೆ.

ನಿನ್ನ ದಾರಿ ಕಾಯುತ್ತಾ,
ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಯಲ್ಲಿಟ್ಟೆ, ಅಂಟಿಸಲು ಕೈ ಬರಲಿಲ್ಲ. ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಂಡರೆ ನಿನ್ನ ಮುಖ ನೋಡುತ್ತಾ ಅದನ್ನು ದಿನವೂ ಹೇಳಬೇಕಾಗುತ್ತದೆ. ಅಪ್ಪ ಬೇಡ ಅಂದಿದ್ದರು ಕಣೇ. ಇನ್ನೊಂದು ತುತ್ತು ಎಂದು ನಾನು ಒತ್ತಾಯ ಮಾಡಿದಾಗ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದಾಗ, ಕೇಳಿದವರಿಗೆ ನೋವಾಗಬಾರದೆಂದು ಅವರು ಹಾಗೇ ಮೆಲ್ಲಗೆ ಕ್ಯಾರಿ ಆನ್ ಎಂದು ಕೈ ತಟ್ಟಿ ಬೇಡ ಅನ್ನುತ್ತಿದ್ದರು. ನಿನ್ನ ಕಾಗದದಲ್ಲಿ ಆ ಸಾಲು ಓದಿದ ಕೂಡಲೇ ನನಗೆ ತಿಳಿಯಿತು. ಆದರೆ ಇದನ್ನೂ ತಿಳಿದುಕೋ. ಅವತ್ತು ಆ ಕೋಣೆಯಲ್ಲಿ ನಾನಿದ್ದಿದ್ದರೆ ಡಾಕ್ಟರು ನನ್ನ ಕಡೆ ತಿರುಗಿ ಏನು ಹೇಳಿದರು ಎಂದು ಕೇಳುತ್ತಿದ್ದರು. ನಾನು "ಹೂಂ ಅಂದ್ರು, ಮಾಡಿ" ಎಂದೇ ಹೇಳುತ್ತಿದ್ದೆ. ನೀನು ತಿಳಿಯದೆ ಸಹಿ ಹಾಕಿದೆ, ನಾನು ತಿಳಿದೂ ಹಾಕುತ್ತಿದ್ದೆ. ಅವರಿಗೆ ಆಪರೇಷನ್ ಬೇಡವಾಗಿತ್ತು. ನನಗೆ ಅವರು ಬೇಕಾಗಿದ್ದರು.