ಒಂದು ಸುತ್ತು ಹೆಚ್ಚು

ಮಂಗಳವಾರ, ಬೆಳಿಗ್ಗೆ 6.10

ಹನ್ನೊಂದು, ಹನ್ನೆರಡು... ಕುಕ್ಕರ್ ಕೂಗಿತು. ಎಣಿಕೆ ಹೋಯಿತು. ಮತ್ತೆ ಬಿಚ್ಚಿದೆ. ಕೋಟಿನ ಗುಂಡಿಯಷ್ಟು ಉಂಗುರ, ಕೂದಲೆಳೆಯಂಥ ತಾಮ್ರದ ತಂತಿ, ಹದಿನಾರು ಸುತ್ತು. ಇಂಥವು ಐದು. ಕನ್ನಡ ಎಂ.ಎ. ಓದಿದವಳಿಗೆ ಈ ಕರ್ಮ!

ಅಕ್ಕ ದೂರದವರೊಡನೆ ಮಾತಾಡುತ್ತಿದ್ದ ಹಳೆಯ ಹ್ಯಾಮ್ ರೇಡಿಯೊ ಸುಟ್ಟುಹೋಗಿತ್ತು. ಹೊಸದನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಈ ಕಿಟ್ ತರಿಸಿದವಳು ಅವಳೇ. ಪೆಟ್ಟಿಗೆ ಬರುವಷ್ಟರಲ್ಲಿ ಸ್ಟ್ರೋಕ್. ಬಲಗೈ ಹೋಯಿತು, ಮಾತೂ.

ಭಾನುವಾರ ಏಳಕ್ಕೆ ಅವಳ ಇಪ್ಪತ್ತು ವರ್ಷದ ರೇಡಿಯೊ ಗೆಳೆಯ, ಹಿಂದೆ ಹಡಗಿನಲ್ಲಿ ಕೆಲಸದಲ್ಲಿದ್ದ ‘ಹಡಗಿನ ತಾತ’, ಕೊನೆಯ ಸಲ ಕರೆಯುತ್ತಾರೆ. ಆಮೇಲೆ ಅವರು ಮಗಳ ಫ್ಲ್ಯಾಟಿಗೆ ಹೋಗಿಬಿಡುತ್ತಾರೆ. ಅಲ್ಲಿ ಆಂಟೆನಾಕ್ಕೆ ಜಾಗವಿಲ್ಲ.

ಅಕ್ಕ ಎಡಗೈಯಲ್ಲಿ ಮೋರ್ಸ್ ಕೀ ಒತ್ತಬಲ್ಲಳೆ? ಆ ಟಿಕ್ಕುಟಕ್ಕಿನ ಭಾಷೆ ತಲೆಯಲ್ಲಿ ಉಳಿದಿದೆಯೆ? ಡಾಕ್ಟರಿಗೂ ಗೊತ್ತಿಲ್ಲ.

ಬುಧವಾರ, ಸಂಜೆ

ಭಾವ ಇಣುಕಿದರು. "ಏನಮ್ಮಾ, ಬೊಂಬೆಗೆ ಬಳೆ ತೊಡಿಸ್ತಿದೀಯಾ?"

"ನೀವು ಎಣಿಸಿ ಭಾವ, ನಾನು ಸುತ್ತುತೀನಿ."

ಒಂಬತ್ತನೇ ಸುತ್ತಿಗೇ ಗೊರಕೆ. ಅಕ್ಕ ಅರ್ಧ ಬಾಯಲ್ಲಿ ನಕ್ಕಳು. ಅವಳ ಬೆರಳು ಮಾತ್ರ ಮೇಜಿನ ಮೇಲೆ ಟಕ್ ಟಕ್. ಆಸ್ಪತ್ರೆಯಿಂದ ಬಂದಾಗಿನಿಂದ ಇದೇ. ನರದ ದೋಷವಿರಬೇಕು. ನನ್ನ ತಲೆ ಚಿಟ್ಟುಹಿಡಿಯಿತು. "ಸುಮ್ನಿರೇ ಅಕ್ಕ" ಅಂದುಬಿಟ್ಟೆ.

ನಿಲ್ಲಿಸಿದಳು. ಅದು ಇನ್ನೂ ಕಷ್ಟ.

ಶನಿವಾರ, ಮಧ್ಯಾಹ್ನ

ಬೆಸುಗೆ ಮುಗಿಯಿತು. ತಾತ ಕರೆಯುವ ತರಂಗಾಂತರದ ಸುತ್ತಮುತ್ತ ಯಾರ ಸುಳಿವೂ ಇಲ್ಲ, ಬರೀ ಸೊಂಯ್ ಸದ್ದು. ತಂತಿಯ ತುದಿಯ ಲೇಪ ಕೆರೆದೇ ಬೆಸೆದಿದ್ದೆನಲ್ಲ!

ಅಕ್ಕ ಮಿಕ್ಕಿದ್ದ ಒಂದು ಉಂಗುರ ಎತ್ತಿಕೊಂಡಳು. ತಂತಿಯನ್ನು ತೂತಿನೊಳಗೆ ಬರೀ ತೂರಿಸಿ, ಒಂದು ಬೆರಳು ತೋರಿದಳು. ತೂರಿದರೇ ಒಂದು! ನಾನು ಹೊರಗಿನಿಂದ ಬಳಸಿ ಬಂದಮೇಲೆ ಒಂದು ಅನ್ನುತ್ತಿದ್ದೆ. ಐದಕ್ಕೂ ಒಂದೊಂದು ಸುತ್ತು ಹೆಚ್ಚು.

ಅಂದರೆ ಅವಳ ತಲೆ ನೆಟ್ಟಗಿದೆ. ನನ್ನದೇ...

ಐದನ್ನೂ ಕಿತ್ತು ಬಿಚ್ಚುತ್ತಿದ್ದೇನೆ.

ಭಾನುವಾರ, 7.20

ತಾತ ಬಂದರು! ಸಣ್ಣ ದನಿ, ತುಂಡು ತುಂಡಾಗಿ. ಲಘು, ಗುರು, ಲಘು — ಛಂದಸ್ಸಿನ ಪಾಠದ ಹಾಗೆ. ಅಕ್ಕನ ಎಡಗೈ ಕೀ ಮೇಲೆ ಕೂತಿತು. ತಡವರಿಸಿತು. ಆಮೇಲೆ ಹರಿಯಿತು. ಆ ಕಡೆಯಿಂದ ಒಂದೇ ಸಮನೆ ಸುರಿಮಳೆ. ಅಕ್ಕ ಅಳುತ್ತಿದ್ದಾಳೆ.

"ಏನಂತೆ?" ಭಾವ.

"ನನಗೇನು ಗೊತ್ತು? ಮೂವತ್ತು ವರ್ಷ ಸಂಸಾರ ಮಾಡಿದೋರು ನೀವು."

7.50

ತಾತನ ದನಿ ನಿಂತಿತು. ರೇಡಿಯೊ ಆರಿಸಿದೆ. ಅಕ್ಕನ ಬೆರಳು ನಿಲ್ಲಲಿಲ್ಲ. ಈಗ ನನ್ನ ಮಣಿಕಟ್ಟಿನ ಮೇಲೆ. ಟಕ್ ಟಕ್... ಮೂರು ತಿಂಗಳಿಂದ ಮೇಜಿನ ಮೇಲೆ ಕೇಳುತ್ತಿದ್ದದ್ದೇ. ನರದ ದೋಷವಲ್ಲ, ಮಾತು! ಸುಮ್ನಿರು ಅಂದಿದ್ದೆ.

ಮತ್ತೆ ಬಡಿಯುತ್ತಿದ್ದಾಳೆ. ನಿಧಾನವಾಗಿ, ಮಗುವಿಗೆ ತಿದ್ದಿಸುವ ಹಾಗೆ. ಲಘು, ಲಘು, ಗುರು... ಮೋರ್ಸ್ ಅಕ್ಷರಗಳ ಚಾರ್ಟ್ ಕಿಟ್ ಪೆಟ್ಟಿಗೆಯಲ್ಲೇ ಇತ್ತಲ್ಲ — ತಾಳು ಅಕ್ಕ, ಸಿಕ್ಕಿತು, ಮೊದಲ ಅಕ್ಷರ —